ಸಾಕಿದವನ ಸಹಿ

ನಂಜನಗೂಡಿನಿಂದ ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ಚಲುವಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಆದರೆ ಅವಳು ಹೊರಗೆ ನೋಡಲಿಲ್ಲ. ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಫೈಲನ್ನು ಎರಡೂ ಅಂಗೈಯಲ್ಲಿ ಒತ್ತಿಕೊಂಡು ಕೂತಿದ್ದಳು. ಅದರೊಳಗೆ ಅವಳ ಪಾಸ್‌ಪೋರ್ಟು, ಹೆಡ್‌ಮೇಷ್ಟ್ರು ಕೊಟ್ಟ ರಜೆಯ ಪತ್ರ, ಗಂಡ ನಾಗಯ್ಯನ ಮರಣ ಪತ್ರ, ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ಪವಿತ್ರ ಬರೆದು ಕಳಿಸಿದ್ದ ಕಾಗದ, ಮತ್ತು ಆ ದೇಶದವರು ಎರಡು ಸಲ ವೀಸಾ ಕೊಡುವುದಿಲ್ಲವೆಂದು ಕಳಿಸಿದ್ದ ಉತ್ತರಗಳು ಇದ್ದವು. ನಾಳೆ ಬೆಂಗಳೂರಿಗೆ ಹೋಗಿ ಮೂರನೆಯ ಸಲ ಅರ್ಜಿ ಒಪ್ಪಿಸಬೇಕು. ಅದಕ್ಕೆ ಇವತ್ತು ಅಣ್ಣ ಮಂಟೇಸ್ವಾಮಿಯ ಸಹಿ ಆಗಬೇಕು. ಸಹಿಗೆ ಮೊದಲು ಅವನಿಗೆ ಒಂದು ಮಾತು ಹೇಳಬೇಕು. ಆ ಮಾತನ್ನು ಯಾವ ಬಾಯಲ್ಲಿ ಹೇಳುವುದೆಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಬಸ್ಸು ಊರು ದಾಟುವ ಮೊದಲೇ ಫೋನು ಬಡಿದುಕೊಂಡಿತು.

"ಅವ್ವಾ, ಮಾವಂಗೆ ಹೇಳ್ದ್ಯಾ?"

"ಬಸ್ನಲ್ಲಿವ್ನಿ ಕಣವ್ವ."

"ಇನ್ನೂ ಹೇಳಿಲ್ವಾ! ಹೋದ ವಾರದಿಂದ ನಾಳೆ ನಾಳೆ ಅಂತಿದ್ದೀಯ. ಅಲ್ಲಿ ಲಾಯರ್ ಓದಕ್ಕೆ ಶುರು ಮಾಡಿದ್ ಮೇಲೆ ಗೊತ್ತಾದ್ರೆ ಮಾವ ಏನ್ ಅನ್ಕೊಳಲ್ಲ? ನಾನೇ ಫೋನ್ ಮಾಡ್ಲಾ?"

"ಬ್ಯಾಡ. ನಾ ಮಾಡಿದ್ ತಪ್ಪು, ನಾನೇ ಯೋಳ್ತೀನಿ. ನೀ ಕಾಲು ಮೇಲಿಟ್ಕಂಡು ಮಲಕ್ಕೊ. ಊತ ಎಂಗದೆ?"

"ಹಾಗೇ ಇದೆ" ಎಂದಳು ಪವಿತ್ರ. ಬಸುರಿ ಅವಳು, ಏಳು ತಿಂಗಳು ತುಂಬಿತ್ತು.

ಚಲುವಮ್ಮ ಕವಲಂದೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅದು ಸಂಬಳದ ಕೆಲಸ. ಬೀದಿಯ ಕೆಲಸ ಬೇರೆಯೇ ಇತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಎಳೆಕೂಸಿಗೆ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಹಿತ್ತಲಿನಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಕವುಚಿ ಮಲಗಿಸಿ, ಬಿಸಿನೀರನ್ನು ತನ್ನ ಪಾದದ ಮೇಲೆ ಹುಯ್ದು ನೋಡಿ ಆಮೇಲೆ ಕೂಸಿನ ಬೆನ್ನಿಗೆ ಹಾಕುವಳು. ಶಾಲೆಯಲ್ಲಿ ತಟ್ಟೆ ಹಿಡಿದು ನಿಲ್ಲುವ ಎಷ್ಟೋ ಮಕ್ಕಳು ಹಾಗೆ ಅವಳ ಕಾಲ ಮೇಲೆ ಮಲಗಿ ಅತ್ತವರೇ. "ನಿನ್ ತಲೆ ಉಂಡಗ್ ಮಾಡಿದ್ದು ನಾನು ಕಣ್ಲಾ, ಒಸಿ ಸೊಪ್ಪು ತಿನ್ನು" ಎಂದು ಗದರಿಸುತ್ತ ಸಾರು ಬಡಿಸುವಳು.

ಇಷ್ಟು ಮನೆಯ ಬಾಣಂತನ ಮಾಡಿದವಳಿಗೆ ಮಗಳ ಬಳಿಗೆ ಹೋಗಲು ಆಗಿರಲಿಲ್ಲ. ಹಿಂದಿನ ವರ್ಷ ಪವಿತ್ರ ಮೊದಲ ಸಲ ಬಸುರಿಯಾದಾಗ ಅರ್ಜಿ ಹಾಕಿದರು. ಆಗುವುದಿಲ್ಲವೆಂದು ಉತ್ತರ ಬಂತು. ಅದಾದ ಸ್ವಲ್ಪ ದಿನಕ್ಕೆ ಅಳಿಯ ಪ್ರೇಮ್‌ಕುಮಾರ್ ಪಾಳಿಗೆ ಹೋಗಿದ್ದಾಗ ಪವಿತ್ರ ಬಚ್ಚಲಲ್ಲಿ ಕುಸಿದಳು. ಕೂಸು ಉಳಿಯಲಿಲ್ಲ. ನಾನಿದ್ದಿದ್ದರೆ ಉಳಿಯುತ್ತಿತ್ತು ಎಂದು ಚಲುವಮ್ಮ ಯಾರ ಹತ್ತಿರವೂ ಹೇಳಲಿಲ್ಲ. ಆದರೆ ಆಮೇಲೆ ಬಹಳ ದಿನ ಯಾರ ಮನೆಯ ಕೂಸಿಗೂ ನೀರು ಹಾಕಲು ಹೋಗಲಿಲ್ಲ.

ಆ ಮೊದಲ ನಿರಾಕರಣೆಗೆ ಕಾರಣ ಮೂಗೂರಿನ ಶಾಲೆಯೊಂದರಲ್ಲಿ ಎಂದೋ ನಡೆದ ಸಣ್ಣ ಸಂಗತಿ. ಚಲುವಮ್ಮನೂ ನಾಗಯ್ಯನೂ ಆಗ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಮಗಳನ್ನು ಮೂಗೂರಿನ ತವರಿನಲ್ಲಿ ಬಿಟ್ಟಿದ್ದರು. ಅಣ್ಣ ಮಂಟೇಸ್ವಾಮಿ ಪಂಚಾಯ್ತಿಯ ವಾಟರ್‌ಮ್ಯಾನ್, ವಾಲ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವವನು. ಅವನಿಗೂ ಅತ್ತಿಗೆ ರುದ್ರಮ್ಮನಿಗೂ ಮಕ್ಕಳಿರಲಿಲ್ಲ. ಶಾಲೆಗೆ ಸೇರಿಸುವ ದಿನ ಅವನೇ ಪವಿತ್ರಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋದ. ಮೇಷ್ಟ್ರು ಮಗುವನ್ನೇ ಕೇಳಿದರು. ಹೆಸರೇನು? ಪವಿತ್ರ. ಅಪ್ಪನ ಹೆಸರು? ಮಗು ಹಿಂದೆ ಮುಂದೆ ನೋಡದೆ "ಮಂಟೇಸ್ವಾಮಿ" ಎಂದಿತು. ಮೇಷ್ಟ್ರು ಬರೆದುಕೊಂಡರು. ಅವನು ತಿದ್ದಲಿಲ್ಲ.

ದಸರಾ ರಜೆಗೆ ಬಂದಾಗ ವಿಷಯ ತಿಳಿದು ಚಲುವಮ್ಮ ನಕ್ಕಳು. ನಾಗಯ್ಯನೂ ನಕ್ಕ. ಸೋದರಮಾವನ ಹೆಸರು ತಾನೇ, ಇರಲಿ ಎಂದರು. ಮುಂದೆ ತೋಟದ ಜೀಪು ಮಗುಚಿ ನಾಗಯ್ಯ ಸತ್ತ. ಚಲುವಮ್ಮ ಕವಲಂದೆಗೆ ಬಂದು ಶಾಲೆಯ ಒಲೆ ಹಿಡಿದಳು. ಪವಿತ್ರ ಮಾವನ ಮನೆಯಲ್ಲೇ ಓದಿದಳು. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ, ನರ್ಸಿಂಗ್ ಸರ್ಟಿಫಿಕೇಟಿನಲ್ಲಿ, ಪಾಸ್‌ಪೋರ್ಟಿನಲ್ಲಿ ಎಲ್ಲ ಕಡೆ ತಂದೆ ಮಂಟೇಸ್ವಾಮಿಯೇ ಆದ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಈ ಸಂಗತಿ ಐರ್ಲೆಂಡಿನವರಿಗೆ ಗೊತ್ತಿರಲಿಲ್ಲ. ಮಗಳ ತಂದೆ ಒಬ್ಬ, ತಾಯಿಯ ಗಂಡ ಇನ್ನೊಬ್ಬ. ಈಕೆ ತಾಯಿಯೆಂದು ನಂಬುವುದು ಹೇಗೆ ಎಂದು ಕೇಳಿದ್ದರು.

ಪವಿತ್ರ ಮತ್ತೆ ಬಸುರಿಯಾದಾಗ, ಎರಡನೆಯ ಸಲ ಅರ್ಜಿ ಹಾಕಲು ಮೈಸೂರಿನ ಏಜೆಂಟ್ ಒಬ್ಬ ಸಿಕ್ಕಿದ. "ಇದೇನ್ ದೊಡ್ ವಿಷ್ಯ ಅಲ್ಲ ಬಿಡಮ್ಮ, ಒಂದ್ ಅಫಿಡವಿಟ್‌ನಲ್ಲಿ ಮುಗಿಯುತ್ತೆ" ಎಂದ. ಇಂಗ್ಲಿಷಿನ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಮೂಲೆ ಮಾತ್ರ ಎತ್ತಿ ತೋರಿಸಿದ. ಅವನು ತೋರಿಸಿದ ಕಡೆಯೆಲ್ಲ ಅವಳು ಚಲುವಮ್ಮ ಎಂದು ಬರೆದಳು. ಅದೂ ತಿರಸ್ಕೃತವಾಗಿ ಬಂತು. ಆ ಉತ್ತರವನ್ನು ಶಾಲೆಯ ಅತಿಥಿ ಶಿಕ್ಷಕಿ ಕೋಮಲ ಮಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದರು.

"ಚಲುವಕ್ಕ, ನಿಮ್ಮ ಯಜಮಾನ್ರಿಗೆ ಎರಡು ಹೆಸರಿತ್ತಾ? ನಾಗಯ್ಯ ಅಲಿಯಾಸ್ ಮಂಟೇಸ್ವಾಮಿ ಅಂತ ಇದೆ."

"ಮಂಟೇಸ್ವಾಮಿ ನಮ್ಮಣ್ಣ ಕಣ್ ಮಿಸ್."

ಕೋಮಲ ಮಿಸ್ ಕಾಗದದಿಂದ ತಲೆ ಎತ್ತಲಿಲ್ಲ. "ಇಬ್ಬರೂ ಒಬ್ಬರೇ ಅಂತ ನೀವು ಪ್ರಮಾಣ ಮಾಡಿದ್ದೀರ ಅಕ್ಕ. ಆ ಹೆಸರಿನವರು ಸತ್ತಿದ್ದಾರೆ ಅಂತ ಮರಣ ಪತ್ರ ಕೊಟ್ಟಿದ್ದೀರ. ಅದೇ ಹೆಸರಿನವರು ನಿಮ್ಮ ಖರ್ಚು ನೋಡ್ಕೋತಾರೆ ಅಂತ ಅವರ ಆಧಾರ್ ಕಾರ್ಡೂ ಕೊಟ್ಟಿದ್ದೀರ. ಸುಳ್ಳು ದಾಖಲೆ ಅಂತ ಬರೆದಿದ್ದಾರೆ."

ಸೌಟು ಸಾರಿನಲ್ಲೇ ನಿಂತಿತು. ಒಡಹುಟ್ಟಿದ ಅಣ್ಣನನ್ನು ಗಂಡನೆಂದು ಬರೆದು ಅದರ ಕೆಳಗೆ ತನ್ನ ಕೈಯಾರೆ ರುಜು ಹಾಕಿದ್ದಳು. ಪ್ರತಿ ವರ್ಷ ಗೌರಿ ಹಬ್ಬದ ಹಿಂದಿನ ದಿನ ತವರಿನ ಸೀರೆ ಹಿಡಿದು ಬಾಗಿಲಿಗೆ ಬರುವ ಅಣ್ಣ ಅವನು. ಈ ವರ್ಷ ಸೀರೆ ಇಸಿದುಕೊಳ್ಳುವಾಗ ಅವಳಿಗೆ ಅವನ ಮುಖ ನೋಡಲಾಗಿರಲಿಲ್ಲ. "ಬಣ್ಣ ಇಡಿಸ್ನಿಲ್ವಾ?" ಎಂದು ಕೇಳಿದ್ದ. "ಚೆಂದಾಗದೆ" ಎಂದು ಒಳಗೆ ಹೋಗಿಬಿಟ್ಟಿದ್ದಳು.

ಹಿಂದಿನ ನಿರಾಕರಣೆಗಳನ್ನು ಮುಚ್ಚಿಡುವಂತಿಲ್ಲ. ಮುಚ್ಚಿಟ್ಟರೆ ಈ ಸಲ ಆ ದೇಶದ ಬಾಗಿಲೇ ವರ್ಷಗಟ್ಟಲೆ ಮುಚ್ಚಬಹುದು. ಆದದ್ದನ್ನೆಲ್ಲ ಇದ್ದ ಹಾಗೆ ಬರೆಯಬೇಕು. ಚಲುವಮ್ಮ ತಪ್ಪು ಒಪ್ಪಿಕೊಳ್ಳಬೇಕು. ಮಂಟೇಸ್ವಾಮಿ ತಾನು ಪವಿತ್ರಳ ತಂದೆಯಲ್ಲ ಎಂದು ಬರೆದುಕೊಡಬೇಕು. ಬೇರೆ ದಾರಿ ಇಲ್ಲವೆಂದು ನರಸೀಪುರದ ನೋಟರಿ ಲಾಯರು ಗಂಗಾಧರಸ್ವಾಮಿ ಫೋನಿನಲ್ಲೇ ಹೇಳಿದ್ದರು.

ಕೋರ್ಟಿನ ಬೀದಿಯ ಬೇವಿನ ಮರದ ಕೆಳಗೆ ಮಂಟೇಸ್ವಾಮಿ ಆಗಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದ. ಜೊತೆಗೆ ರುದ್ರಮ್ಮ, ಕೈಯಲ್ಲೊಂದು ಬುತ್ತಿಯ ಚೀಲ.

"ಏನವ್ವ, ಇಷ್ಟೊತ್ತು? ಐರ್‌ಲ್ಯಾಂಡ್ಗೆ ಓಗ್ಬಂದ್ಯಾ?" ಎಂದು ನಕ್ಕ.

"ಅಣ್ಣ, ಒಳಿಕ್ಕೋಗೋಕ್ ಮೊದ್ಲು ಒಂದ್ ಮಾತು..."

ಅಷ್ಟರಲ್ಲಿ ಒಳಗಿನಿಂದ ಗಂಗಾಧರಸ್ವಾಮಿಯವರ ದನಿ ಬಂತು. "ಬನ್ರಮ್ಮ, ಬೇಗ ಬನ್ನಿ. ಊಟದ ಹೊತ್ತಿಗೆ ನಾನು ಮೈಸೂರಿಗೆ ಹೊರಡ್ಬೇಕು. ಆಮೇಲೆ ನಾಳೆ ಸಂಜೆನೇ ನಾನು ಸಿಗೋದು."

ನಾಳೆ ಸಂಜೆ ಎಂದರೆ ಬೆಂಗಳೂರಿನ ಗಡುವು ತಪ್ಪಿಹೋಗುತ್ತದೆ. ಮತ್ತೆ ದಿನ ಸಿಗುವ ಹೊತ್ತಿಗೆ ಪವಿತ್ರಳ ಹೆರಿಗೆಯೇ ಆಗಿರುತ್ತದೆ. ಮಂಟೇಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟ. ಚಲುವಮ್ಮನ ಮಾತು ಹೊಸಿಲಿನ ಆಚೆಯೇ ಉಳಿಯಿತು.

ಚಿಕ್ಕ ಕೋಣೆ. ಸುತ್ತ ಕಟ್ಟುಗಟ್ಟಲೆ ಕಾಗದ. ಲಾಯರು ಕನ್ನಡಕ ಏರಿಸಿ ಚಲುವಮ್ಮನ ಹೇಳಿಕೆಯನ್ನು ಕನ್ನಡದಲ್ಲಿ ಓದತೊಡಗಿದರು. "ಎರಡನೇ ಅರ್ಜಿಯೊಂದಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ನನ್ನ ದಿವಂಗತ ಪತಿ ನಾಗಯ್ಯ ಮತ್ತು ನನ್ನ ಅಣ್ಣ ಮಂಟೇಸ್ವಾಮಿ ಇಬ್ಬರೂ ಒಬ್ಬರೇ ವ್ಯಕ್ತಿ ಎಂದು, ಓದಿ ತಿಳಿಯದೆ ಸಹಿ ಮಾಡಿರುತ್ತೇನೆ..."

"ಇರಿ ಸಾ" ಎಂದಳು ರುದ್ರಮ್ಮ. "ಏನಂದ್ರಿ? ಯಾರು ಯಾರ್ಗೆ ಗಂಡ?"

ಲಾಯರು ಕಾಗದ ಕೆಳಗಿಟ್ಟರು. ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು.

"ನಾದ್ನಿ, ನಿನ್ನೇ ಕೇಳ್ತಿರೋದು. ಗಂಡ ಬದ್ಕಿರೋವಾಗ್ಲೇ ನನ್ ತಾಳಿ ಕೀಳಿಸ್ಬುಟ್ಯಲ್ಲವ್ವ! ಆ ಕಾಗ್ದುದಲ್ಲಿ ನಾನ್ಯಾರು? ಈ ಮನುಷ್ಯಂಗೆ ನಾನೇನ್ ಆಗ್ಬೇಕು?"

"ಅತ್ಗೆ, ನಂಗೆ ಗೊತ್ತಾಗ್ನಿಲ್ಲ. ಮೂಲೆ ಎತ್ತಿ ಇಲ್ಲಾಕು ಇಲ್ಲಾಕು ಅಂದ. ಆಕ್ದೆ." ಚಲುವಮ್ಮ ಅಣ್ಣನ ಕಡೆ ತಿರುಗಿದಳು. ತಲೆ ಮಾತ್ರ ಮೇಲೇಳಲಿಲ್ಲ. "ಗೊತ್ತಾದಾಗಿಂದ ಯೋಳ್ಬೇಕು ಯೋಳ್ಬೇಕು ಅಂತಿದ್ದೆ ಅಣ್ಣ. ನಾಲ್ಗೆ ಬರ್ನಿಲ್ಲ."

ಮಂಟೇಸ್ವಾಮಿ ಗೋಡೆ ನೋಡುತ್ತಿದ್ದ. ಕೊನೆಗೆ, "ಇನ್ನೊಂದ್ ಕಾಗ್ದ ಓದಿ ಸಾ" ಎಂದ.

ಲಾಯರು ಎರಡನೆಯದನ್ನು ಎತ್ತಿಕೊಂಡರು. ಅದು ಅವನು ಸಹಿ ಹಾಕಬೇಕಾದದ್ದು. "ಶ್ರೀಮತಿ ಪವಿತ್ರರ ಶಾಲಾ ದಾಖಲೆಯಲ್ಲಿ ತಂದೆಯ ಹೆಸರನ್ನು ಮಂಟೇಸ್ವಾಮಿ ಎಂದು ತಪ್ಪಾಗಿ ನಮೂದಿಸಲಾಗಿದೆ. ಆಕೆ ನನ್ನ ಮಗಳಲ್ಲ. ಆಕೆಗೂ ನನಗೂ ತಂದೆ-ಮಗಳ ಯಾವುದೇ ಸಂಬಂಧ ಇರುವುದಿಲ್ಲ." ಓದಿ ಮುಗಿಸಿ ಪೆನ್ನು ಮುಂದೆ ಮಾಡಿದರು. "ಇಲ್ಲಿ ಹಾಕಿ."

ಮಂಟೇಸ್ವಾಮಿ ಪೆನ್ನು ತೆಗೆದುಕೊಂಡ. ಕಾಗದದ ಮೇಲೆ ಬಾಗಿದ. ಮತ್ತೆ ನೆಟ್ಟಗಾಗಿ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಹೊರಗೆ ಬಂದು ಚಪ್ಪಲಿ ಮೆಟ್ಟಿ, ಹಿಂದಿರುಗಿ ನೋಡದೆ ಹೊಳೆಯ ಕಡೆ ನಡೆದ.

"ಓಗು, ಕರ್ಕಬಾ" ಎಂದಳು ರುದ್ರಮ್ಮ. ಅವಳ ದನಿ ಇಳಿದಿತ್ತು. "ನಾ ಕರುದ್ರೆ ಬರಲ್ಲ ಅಂವ."

ಚಲುವಮ್ಮ ಫೈಲನ್ನು ಎದೆಗೆ ಅವುಚಿಕೊಂಡು ಓಡುನಡಿಗೆಯಲ್ಲಿ ಹೋದಳು. ಕಪಿಲೆ ಬಂದು ಕಾವೇರಿಗೆ ಸೇರುವ ಕಡೆ, ಸೋಪಾನದ ಕೊನೆಯಲ್ಲಿ ಅವನು ಕೂತಿದ್ದ. ಬಿಳಿ ಶರಟಿನ ಬೆನ್ನು ಬೆವರಿನಿಂದ ಅಂಟಿತ್ತು. ಅವಳು ಎರಡು ಮೆಟ್ಟಿಲು ಮೇಲೆಯೇ ಕೂತಳು. ನೀರಿನಲ್ಲಿ ಯಾರೋ ಬಿಟ್ಟ ಸೇವಂತಿಗೆ ಹಾರವೊಂದು ಎತ್ತ ಹೋಗಬೇಕೆಂದು ತಿಳಿಯದೆ ಒಂದೇ ಕಡೆ ಸುತ್ತುತ್ತಿತ್ತು.

"ಉಗಿ ಅಣ್ಣ. ಒಡಿ ಬೇಕಾದ್ರೆ. ಸುಮ್ನೆ ಮಾತ್ರ ಕೂರ್ಬ್ಯಾಡ."

"ಯಾತುಕ್ ಒಡೀಲಿ?" ಅವನು ನೀರಿಗೇ ಹೇಳಿದ. "ನೀ ನನ್ನ ಸಾಯ್ಸಿದ್ದು ತಮಾಸಿ ಕಣವ್ವ. ನಮ್ಮೂರ್ನೋರ್ಗೆ ಯೋಳುದ್ರೆ ಒಂದ್ ವಾರ ನಗ್ತಾರೆ. ಅದು ಗೊತ್ತಿಲ್ದೆ ಆಗಿದ್ದು. ಇದು ಗೊತ್ತಿದ್ದೂ ಮಾಡೋದು."

"ಅವಳು ನಿನ್ ಮಗಳಲ್ಲ ಅಂತ ಯಾರಂದವ್ರೆ?"

"ನಾನೇ ಅನ್ಬೇಕಂತಲ್ಲ ಈಗ, ರುಜು ಆಕಿ. ಯಾವುದೇ ಸಂಬಂಧ ಇರೋದಿಲ್ಲ ಅಂತೆ. ಬೆಳಿಗ್ಗೆ ವಾಲ್ ತಿರುಗ್ಸೋಕೋದ್ರೆ ಸೈಕಲ್ ಮುಂದ್ಗಡೆ ಕೂತ್ಕಂಡು ಬರೋದು ಅದು. ಯಾವ್ ಬೀದಿಗೆ ಯಾವತ್ತು ನೀರು ಅಂತ ನಂಗಿಂತ ಅದ್ಕೇ ಗೊತ್ತಿತ್ತು. ಜ್ವರ ಬಂದ್ರೆ ನನ್ ಎದೆ ಮೇಲೇ ಮಲಗ್ತಿತ್ತು, ನಿಮ್ಮತ್ಗೆ ಅತ್ರಕ್ಕೂ ಓಗ್ತಿರ್ನಿಲ್ಲ." ಮೆಟ್ಟಿಲ ಮೇಲಿದ್ದ ಕಲ್ಲೊಂದನ್ನು ನೀರಿಗೆ ಎಸೆದ. "ತಪ್ಪಾಗಿ ನಮೂದ್ಸವ್ರೆ ಅಂತೆ. ಯಾರ್ ತಪ್ಪವ್ವ? ಮೇಷ್ಟ್ರು ಕೇಳುದ್ರು, ಮಗ ಯೋಳ್ತು. ನನ್ನುಟ್ಟಿಗೆ ಅಪ್ಪ ಅಂದಿದ್ದು ಆ ಬಾಯಿ ಒಂದೇ. ಅದೂ ಒಂದೇ ಒಂದ್ಸಲ. ಮನೇಗ್ ಬಂದ್ಮೇಲೆ ಮತ್ತೆ ಮಾವ ಅಂತಲೇ ಕರೀತು."

ಚಲುವಮ್ಮ ಮಗಳ ಬಸಿರಿನ ದಿನಗಳನ್ನು, ಊದಿದ ಕಾಲನ್ನು, ಹೋದ ಸಲ ಬಚ್ಚಲಲ್ಲಿ ಬಿದ್ದದ್ದನ್ನು ಅವನ ಮುಂದೆ ಹೇಳಿ ಅವನನ್ನು ಬಗ್ಗಿಸಬಹುದಿತ್ತು. ಹೇಳಿದರೆ ಅವನು ಎದ್ದು ಬಂದು ಸಹಿ ಹಾಕುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೇಳಲಿಲ್ಲ.

"ಬುಡು ಅಣ್ಣ" ಎಂದಳು. "ಆಕ್ಬ್ಯಾಡ."

ಅವನು ಸರಕ್ಕನೆ ತಿರುಗಿದ. "ಆಕ್ದೆ? ಆ ಮಗ ಅಲ್ಲಿ ಒಬ್ಳೇ ಎರ್ಲಾ? ಓದ್ಸಲ ಆದಂಗೆ ಆಗ್ಲಾ? ಬಾಯ್ಗೆ ಬಂದಂಗೆ ಮಾತಾಡ್ಬ್ಯಾಡ ಕಣಮ್ಮಿ!"

"ಆಕ್ದೆ ಇದ್ರೂ ಆಗಲ್ಲ, ಆಕುದ್ರೂ ಆಗಲ್ಲ ಅಂದ್ರೆ ನಾನೇನ್ ಮಾಡ್ಲಿ ಅಣ್ಣ?"

ಮಂಟೇಸ್ವಾಮಿ ಮತ್ತೆ ನೀರಿನ ಕಡೆ ತಿರುಗಿದ. ಸುತ್ತುತ್ತಿದ್ದ ಹಾರ ಹೇಗೋ ಬಿಡಿಸಿಕೊಂಡು ಕಾವೇರಿಯ ಸೆಳೆತಕ್ಕೆ ಸಿಕ್ಕಿತು. ಅದು ಮರೆಯಾಗುವವರೆಗೂ ನೋಡಿ ಅವಳು ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮುನ್ನೂರು ಮಕ್ಕಳಿಗೆ ಅನ್ನ ಬಸಿಯುವ ಮೊದಲು ಅವಳು ಹಾಗೆ ಸಿಕ್ಕಿಸಿಕೊಳ್ಳುವುದು.

"ಏಳು. ನೀ ಬಾಯ್ಬುಡ್ಬ್ಯಾಡ. ನಾ ಮಾತಾಡ್ತೀನಿ."

ಲಾಯರು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಹೊರಗೆ ಅವರನ್ನು ಕರೆದೊಯ್ಯುವ ಕಾರು ನಿಂತು ಹಾರನ್ ಮಾಡುತ್ತಿತ್ತು. ಅವರು ಹೊಸಿಲು ದಾಟದಂತೆ ರುದ್ರಮ್ಮ ಬಾಗಿಲಿಗೆ ಅಡ್ಡವಾಗಿ ಕೂತು ಬುತ್ತಿ ಬಿಚ್ಚಿದ್ದಳು.

"ಸಾ, ಅದ್ನ ಬೇರೆ ತರ ಬರ್ಕೊಡಿ" ಎಂದಳು ಚಲುವಮ್ಮ.

"ಬೇರೆ ತರ ಅಂದ್ರೆ?"

"ತಪ್ಪಾಗಿ ಅನ್ನೋದು ಬ್ಯಾಡ. ಸಂಬಂಧ ಇಲ್ಲ ಅನ್ನೋದೂ ಬ್ಯಾಡ. ನಡ್ದದ್ದು ಬರೀರಿ. ಎತ್ತೋನು ನಾಗಯ್ಯ, ಸಾಕ್ದೋನು ಮಂಟೇಸ್ವಾಮಿ. ಅಪ್ಪ ಅವ್ವ ಕೂಲಿಗೋಗಿದ್ರು, ಸೋದರಮಾವ ಸ್ಕೂಲ್ಗೆ ಸೇರಿಸ್ದ. ಅಪ್ಪನೆಸರು ಕೇಳುದ್ರೆ ಮಗ ಸಾಕ್ದೋನೆಸರು ಯೋಳ್ತು. ಅಷ್ಟೆಯ."

"ಅಮ್ಮಾ, ಇದಕ್ಕೊಂದು ಫಾರ್ಮ್ಯಾಟ್ ಅಂತ ಇರುತ್ತೆ. ವೀಸಾ ಕೊಡೋರಿಗೆ ಕಥೆ ಬೇಕಾಗಿಲ್ಲ."

"ಓದ್ಸಲ ಏಜೆಂಟ್ನೂವೆ ಫಾರ್ಮೇಟು ಅಂತಲೇ ಅಂದ ಸಾ. ಕಣ್ಮುಚ್ಕಂಡು ಆಕ್ದೆ, ಅಣ್ಣನ್ನ ಗಂಡನ್ ಮಾಡಿ ಕೂತಿವ್ನಿ. ಈ ಸಲ ನಂಗೆ ಒಪ್ಪಿಗೆ ಆಗ್ದಿರೋದುಕ್ಕೆ ನಾನೂ ಆಕಲ್ಲ, ಅವ್ನೂ ಆಕಲ್ಲ." ಅವಳು ಫೈಲನ್ನು ಮೇಜಿನ ಮೇಲಿಟ್ಟಳು. "ಇದು ಕತೆ ಅಲ್ಲ. ಇದ್ದದ್ದು. ಇದ್ದದ್ನ ಬರ್ದೂ ಕೊಡ್ನಿಲ್ಲ ಅಂದ್ರೆ ನಮ್ ಅಣೇಬರ, ನಿಮ್ಮುನ್ನ ಕೇಳಲ್ಲ."

ಕಾರು ಮತ್ತೆ ಕೂಗಿತು. ಗಂಗಾಧರಸ್ವಾಮಿ ಬಾಗಿಲು ನೋಡಿದರು, ಬಾಗಿಲಲ್ಲಿ ಮುದ್ದೆ ಮುರಿಯುತ್ತಿದ್ದ ರುದ್ರಮ್ಮನನ್ನು ನೋಡಿದರು. "ಸರಿಯಾದ ಮನೆಯವರಪ್ಪ ನೀವು" ಎಂದು ಬ್ಯಾಗು ಇಳಿಸಿ ಕಂಪ್ಯೂಟರಿನ ಮುಂದೆ ಕೂತರು. ಮೊದಲು ಇಂಗ್ಲಿಷಿನಲ್ಲಿ ಟೈಪು ಮಾಡಿ, ಆಮೇಲೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಹುಟ್ಟಿಸಿದ ತಂದೆ ನಾಗಯ್ಯ. ಮೂರನೆಯ ವಯಸ್ಸಿನಿಂದ ಆಕೆಯನ್ನು ನನ್ನ ಮಗಳಂತೆ ಸಾಕಿ ಓದಿಸಿದವನು ನಾನು.

"ಅಂತೆ ಅನ್ನೋದು ತೆಗೀರಿ ಸಾ" ಎಂದ ಮಂಟೇಸ್ವಾಮಿ. ಹೊಳೆಯಿಂದ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಲಾಯರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅದನ್ನು ತೆಗೆದು 'ನನ್ನ ಮಗಳಾಗಿ' ಎಂದು ಟೈಪು ಮಾಡಿದರು.

ಮಂಟೇಸ್ವಾಮಿ ಪೆನ್ನಿನ ಮುಚ್ಚಳ ತೆಗೆದ. ಒಂದೊಂದು ಅಕ್ಷರವನ್ನೂ ನಲ್ಲಿ ತಿರುಗಿಸುವಷ್ಟು ನಿಧಾನವಾಗಿ ಬರೆದ. ಬರೆದು ಮುಗಿಸಿ ಹೆಂಡತಿಯ ಕಡೆ ತಿರುಗಿ, "ಬದ್ಕಿವ್ನಿ ಕಣಮ್ಮಿ, ಉಂಡ್ಕೊ" ಎಂದ.

ಆಮೇಲಿನದು ಕಾಯುವ ಕಾಲ. ಬೆಂಗಳೂರಿನಲ್ಲಿ ಕಾಗದ ತೆಗೆದುಕೊಂಡ ಹುಡುಗಿ ನಗಲೂ ಇಲ್ಲ, ಗದರಲೂ ಇಲ್ಲ. ಒಲೆಯ ಮುಂದೆ ಕೂತಾಗಲೆಲ್ಲ ಚಲುವಮ್ಮನಿಗೆ ಆ ಸಾಲುಗಳು ನೆನಪಾಗುತ್ತಿದ್ದವು. ಹಟ ಮಾಡಿ ಕಥೆ ಬರೆಸಿದೆನಲ್ಲ, ಫಾರ್ಮ್ಯಾಟಿನಂತೆಯೇ ಬರೆಸಿದ್ದರೆ ಕೊಡುತ್ತಿದ್ದರೇನೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಪವಿತ್ರ ಫೋನು ಮಾಡಿದಾಗ ಇಬ್ಬರೂ ವೀಸಾದ ಮಾತೆತ್ತುತ್ತಿರಲಿಲ್ಲ. ಕಾಲಿನ ಊತ, ಅಲ್ಲಿನ ಚಳಿ, ಕೂಸು ಒದೆಯುವುದು, ಇಷ್ಟೇ ಮಾತು. ಮಾವ ಬರೆಸಿದ್ದನ್ನು ಮಾತ್ರ ಪವಿತ್ರ ಅವ್ವನ ಬಾಯಲ್ಲಿ ಎರಡೆರಡು ಸಲ ಹೇಳಿಸಿಕೊಂಡು ಕೇಳಿದಳು. ಕೇಳಿ, "ಇಡ್ತೀನವ್ವ" ಎಂದು ಬೇಗನೆ ಫೋನಿಟ್ಟಳು.

ಪವಿತ್ರಳಿಗೆ ಒಂಬತ್ತು ತುಂಬಲು ಇನ್ನು ಸ್ವಲ್ಪವೇ ದಿನ ಇದೆಯೆನ್ನುವಾಗ, ಮಕ್ಕಳು ಸಾಲಾಗಿ ತಟ್ಟೆ ಹಿಡಿದು ಕೂತಿದ್ದ ಹೊತ್ತಿಗೆ ಕೊರಿಯರ್‌ನವನು ಶಾಲೆಗೇ ಬಂದ. ಲಕೋಟೆ ದಪ್ಪಗಿತ್ತು. ನಿರಾಕರಿಸಿದ ಎರಡು ಸಲವೂ ಹೀಗೇ ದಪ್ಪಗಿತ್ತು. ಚಲುವಮ್ಮ ಅದನ್ನು ಅಕ್ಕಿ ಡಬ್ಬದ ಮೇಲಿಟ್ಟು ಬಡಿಸಲು ಹೋದಳು. ಕೊನೆಯ ಮಗು ತಟ್ಟೆ ತೊಳೆಯುವವರೆಗೂ ಅದರ ಕಡೆ ನೋಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಕೋಮಲ ಮಿಸ್ ಮುಂದೆ ಹಿಡಿದಳು.

ಕೋಮಲ ಮಿಸ್ ಪಾಸ್‌ಪೋರ್ಟಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. ಒಂದು ಕಡೆ ನಿಂತರು.

"ಚಲುವಕ್ಕ, ಕೊಟ್ಟಿದ್ದಾರೆ."

ಅವಳು ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಳು. ಬಹಳ ಹೊತ್ತಿನ ಮೇಲೆ ಮೂಗೂರಿಗೆ ಫೋನು ಮಾಡಿದಳು. ಆ ಕಡೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅಣ್ಣ, ಕೊಟ್ಟವ್ರೆ."

ನೀರಿನ ಸದ್ದು ನಿಂತಿತು. ವಾಲ್ ತಿರುಗಿಸಿದ್ದನೇನೋ.

"ಅದ್ರಲ್ಲಿ ನನ್ನೆಸರು ಅದಾ?"

"ಇಲ್ಲ ಕಣಣ್ಣ. ನಂದೊಂದೇ ಅದೆ."

"ಊಂ." ಅವನು ಗಂಟಲು ಸರಿಮಾಡಿಕೊಂಡ. "ಇರ್ಲಿ. ಅಂಗಾರೆ ನಾಳಿಕೇ ಬತ್ತೀನಿ. ಬಾಣಂತಿ ಖಾರ ಕುಟ್ಸಿಟ್ಟಿವ್ನಿ, ತಕ್ಕಂಡೋಗು."

"ಎರಿಗೆ ಆಗೋಕ್ ಮುಂಚೇನೇ ಕುಟ್ಸುದ್ರಾ? ಎರೋಕ್ ಮುಂಚೆ ಏನೂ ಮಾಡಿಡ್ಬಾರ್ದು ಅಂತಾರೆ. ಅತ್ಗೆ ಸುಮ್ನಿದ್ಲಾ?"

"ಬೋದ್ಲು. ವೀಸ ಬರ್ದೆ ಇದ್ರೆ ಏನ್ಮಾಡಿಯೇ ಅಂತಾನೂ ಬೋದ್ಲು." ಅವನು ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. "ಸಯಿ ಆಕಿದ್ ದಿನ್ವೇ ಸಂತೆಗೋಗಿ ಮೆಣ್ಸು ತಂದೆ ಕಣವ್ವ. ಮಗಳ್ ಮನೆಗೆ ಬರಿಗೈಲಿ ಕಳಸ್ತರಾ?"

ನೀರು ಮತ್ತೆ ಸುರಿಯತೊಡಗಿತು. ಯಾವ ಬೀದಿಗೆ ಬಿಟ್ಟನೋ, ಚಲುವಮ್ಮ ಕೇಳಲಿಲ್ಲ.